ಅಪ್‌ಡೇಟ್: ಕೊನೆಗೂ ಕುದುರೆ ತಂದೆ

ಹೋದ ತಿಂಗಳು ಕೇಳಿದ್ದೆನಲ್ಲ, ಮೈಸೂರಿನ ಹತ್ತಿರ ನಮ್ಮ ತೋಟಕ್ಕೆ ಸವಾರಿಗೆಂದು ರೇಸ್ ಬಿಟ್ಟ ಥರೋಬ್ರೆಡ್ (ರೇಸ್‌ಗೆಂದೇ ಬೆಳೆಸುವ ತಳಿ) ತರುವುದಾ, ರಾಜಸ್ಥಾನದ ಮಾರ್ವಾಡಿ ತಳಿಯದ್ದಾ ಅಂತ. ಮಾರ್ವಾಡಿಯನ್ನೇ ತಂದೆ, ಹೆಣ್ಣು. ರೇಸ್ ಕುದುರೆ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಮುಂಗಾಲು ಹಿಂಬದಿಗೆ ಊದಿತ್ತು, ಮಾರುವವರು ಬಾಯೇ ಬಿಡಲಿಲ್ಲ, ಪಶುವೈದ್ಯರು ಕೈಯಾಡಿಸಿದಾಗಲೇ ಗೊತ್ತಾಗಿದ್ದು. ನಾನು ತಂದ ಮಾರ್ವಾಡಿಯ ವಿಷಯದಲ್ಲೂ ಮುಚ್ಚುಮರೆ, ಆರು ವರ್ಷ ಅಂದಿದ್ದರು. ಹಲ್ಲು ನೋಡಿದರೆ ಹತ್ತು ದಾಟಿದೆ! ಅದನ್ನೇ ಹಿಡಿದು ಚೌಕಾಸಿ ಮಾಡಿದೆ. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ನೆಗೆಟಿವ್ ಬಂದ ಮೇಲೆಯೇ ದುಡ್ಡು ಕೊಟ್ಟೆ, ಆ ರೋಗ ಮನುಷ್ಯರಿಗೂ ಹರಡುತ್ತೆ, ಹುಷಾರು. ಒಳಕ್ಕೆ ಬಾಗಿ ತುದಿ ತಾಗುವ ಆ ಕಿವಿ ನೋಡಿ ನಾನು ಮೊದಲೇ ಸೋತಿದ್ದೆ, ಸುಮ್ನೆ ಮುಖ ಗಂಟು ಹಾಕಿಕೊಂಡು ನಿಂತಿದ್ದೆ ಅಷ್ಟೇ. ಈಗ ದಿನಾ ಹುರುಳಿ ಬೇಯಿಸುವ ಕೆಲಸ ಅಮ್ಮನ ಪಾಲಿಗೆ ಬಂದಿದೆ, ಬೈಗುಳ ನನ್ನ ಪಾಲಿಗೆ.