ಜೀನ್ಸ್ ತೊಳೆದ ನೀಲಿ ನೀರಿಗೆ ಬಿಸಿಲೊಂದೇ ಸಾಕಾ?

ಪ್ರಶ್ನೆ (ಬಳ್ಳಾರಿ): ಸರ್, ನಮ್ಮದು ಸಣ್ಣ ಜೀನ್ಸ್ ವಾಷಿಂಗ್ ಯೂನಿಟ್. ಒಬ್ಬರು ಬಂದು ಟೈಟಾನಿಯಂ ಡೈಆಕ್ಸೈಡ್ ಲೇಪನದ ಟೈಲ್ಸ್ ತೋರಿಸಿದರು. ತೊಟ್ಟಿಯ ತಳಕ್ಕೆ ಹಾಸಿದರೆ ಸಾಕು, ನಮ್ಮೂರ ಬಿಸಿಲಿಗೆ ಬಣ್ಣವೆಲ್ಲ ಹೋಗುತ್ತದೆ, ಇಟಿಪಿನೇ (ಕೊಳೆ ನೀರು ಶುದ್ಧ ಮಾಡುವ ಘಟಕ) ಬೇಡ ಅಂತಾರೆ. ತೊಟ್ಟಿ ನಾಲ್ಕಡಿ ಆಳ ಇದೆ. ನಂಬಬಹುದಾ?

ಉತ್ತರ: ವಿದ್ಯೆ ನಿಜ, ಮಾತು ಜಾಸ್ತಿ ಆಯ್ತು. ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯಬಲ್ಲದು ಅಂತ ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲೇ ಬರೆದಿದ್ದರು. ನಿಮ್ಮ ಟೈಲ್ಸ್ ಮೇಲೆ ಬೆಳಕು ಬಿದ್ದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಸಿಕ್ಕಿದ್ದರ ಜೊತೆ ತಕ್ಷಣ ವರ್ತಿಸುವ ಕಣಗಳು ಹುಟ್ಟುತ್ತವೆ. ಬಣ್ಣದ ಅಣುವನ್ನು ತುಂಡು ಮಾಡುವುದು ಅವೇ. ಆದರೆ ಇದಕ್ಕೆ ನೇರಳಾತೀತ ಕಿರಣವೇ ಬೇಕು. ಬಿಸಿಲಿನಲ್ಲಿ ಅದು ನೂರಕ್ಕೆ ಸುಮಾರು 5 ಪಾಲು ಅಷ್ಟೇ. ಬಳ್ಳಾರಿಯ ಸೆಕೆಗೆ ಇಲ್ಲಿ ಕೆಲಸವಿಲ್ಲ. ನಾಲ್ಕಡಿ ನೀಲಿ ನೀರು ದಾಟಿ ಆ ಕಿರಣ ತಳ ಮುಟ್ಟುವುದಂತೂ ಆಗದ ಮಾತು. ನೀರು ಇಳಿಜಾರಿನ ಟೈಲ್ಸ್ ಮೇಲೆ ತೆಳ್ಳಗೆ ಹರಿಯಬೇಕು.

ಇನ್ನೊಂದು ವಿಷಯ. ಜೀನ್ಸ್‌ನ ನೀಲಿ ಬಣ್ಣವಾದ ಇಂಡಿಗೋ ನೀರಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಆಲಂ (ಪಟಿಕ) ಹಾಕಿದರೆ ಬಹುಪಾಲು ಗಸಿಯಾಗಿ ಕೂರುತ್ತದೆ. ಜೀನ್ಸ್ ಉಜ್ಜುವ ಕಲ್ಲಿನ ಪುಡಿ, ನೂಲಿನ ಚೂರು ಮೊದಲು ತೆಗೆಯದಿದ್ದರೆ ಲೇಪನದ ಮೇಲೆ ಪದರ ಕಟ್ಟುತ್ತವೆ, ಆಮೇಲೆ ಅದು ಸುಮ್ನೆ ಟೈಲ್ಸ್. ಹಾಗಾಗಿ ಇದು ಇಟಿಪಿಯ ಕೊನೆಯ ಹಂತಕ್ಕೆ ಆಗಬಹುದು, ಇಟಿಪಿ ಬದಲಿಗೆ ಅಲ್ಲ.

ಪ್ರಶ್ನೆ (ಬಳ್ಳಾರಿ): ದುಡ್ಡು ಕೊಡೋ ಮುಂಚೆ ನಾವೇ ಪರೀಕ್ಷೆ ಮಾಡಬಹುದಾ?

ಉತ್ತರ: ಖಂಡಿತ. ಸೋಸಿದ ಬಣ್ಣದ ನೀರು ಮೂರು ತಟ್ಟೆಗೆ ಸಮನಾಗಿ ಹಾಕಿ. ಒಂದರಲ್ಲಿ ಲೇಪನದ ಟೈಲ್, ಇನ್ನೊಂದರಲ್ಲಿ ಲೇಪನವಿಲ್ಲದ್ದು, ಎರಡೂ ಬಿಸಿಲಿಗೆ. ಮೂರನೆಯದರಲ್ಲಿ ಲೇಪನದ ಟೈಲ್ ಇಟ್ಟು ಕತ್ತಲಲ್ಲಿ ಮುಚ್ಚಿಡಿ. ಕತ್ತಲ ತಟ್ಟೆಯಲ್ಲೂ ಬಣ್ಣ ಅಷ್ಟೇ ಇಳಿದರೆ ಅದು ಒಡೆದದ್ದಲ್ಲ, ಟೈಲ್‌ಗೆ ಅಂಟಿದ್ದು. ಲೇಪನವಿಲ್ಲದ್ದರಲ್ಲೂ ಇಳಿದರೆ ಬಿಸಿಲಿನದೇ ಕೆಲಸ. ನೀರು ತಿಳಿಯಾದರೂ ಲ್ಯಾಬ್‌ನಲ್ಲಿ ಸಿಒಡಿ (ನೀರಿನಲ್ಲಿ ಉಳಿದ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ನೋಡಿಸಿ. ಬಣ್ಣ ಹೋದ ಮೇಲೂ ಅಣುವಿನ ತುಂಡುಗಳು ಉಳಿದಿರುತ್ತವೆ.

ಪ್ರಶ್ನೆ (ಕೊಪ್ಪಳ): ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಈ ಟೈಲ್ಸ್ ಆಗುತ್ತಾ ಸರ್?

ಉತ್ತರ: ಇಲ್ಲ. ಫ್ಲೋರೈಡ್‌ನಲ್ಲಿ ಒಡೆಯುವುದಕ್ಕೆ ಏನೂ ಇಲ್ಲ, ಅದನ್ನು ನೀರಿನಿಂದ ಹೊರಗೇ ತೆಗೆಯಬೇಕು. ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಅಥವಾ ಆರ್‌ಒ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಲು ಹೋಗಬೇಡಿ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ.