ಪದಚರ್ಚೆ: ಎನ್ಯೂಕ್ಲಿಯೇಶನ್‌ಗೆ ‘ಬಿಡಿಸು’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮೆನ್-1 ಎಂಬ ಆನುವಂಶಿಕ ಕಾಯಿಲೆಯಿರುವ ಕುಟುಂಬಗಳಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಶಸ್ತ್ರಚಿಕಿತ್ಸೆಯ ಅಧ್ಯಾಯದಲ್ಲಿ ‘ಎನ್ಯೂಕ್ಲಿಯೇಶನ್’ಗೆ, ಅಂದರೆ ಗ್ರಂಥಿಯನ್ನು ಉಳಿಸಿ ಗೆಡ್ಡೆಯನ್ನಷ್ಟೇ ತೆಗೆಯುವುದಕ್ಕೆ, ಒಪ್ಪುವ ಒಂದು ಕ್ರಿಯಾಪದ ಹುಡುಕಲು ನಿಮ್ಮ ನೆರವು ಬೇಕಾಗಿದೆ.

ಈ ಕಾಯಿಲೆಗೆ ಕಾರಣ 11ನೇ ವರ್ಣತಂತುವಿನ ಮೇಲಿರುವ ಒಂದು ಜೀನಿನ ದೋಷ; ಆ ಜೀನನ್ನು ಗುರುತಿಸಿದ್ದು 1997ರಲ್ಲಿ. ತಂದೆ ಅಥವಾ ತಾಯಿಗೆ ಅದು ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50. ಪ್ಯಾರಾಥೈರಾಯ್ಡ್, ಪಿಟ್ಯುಟರಿ, ಮೇದೋಜೀರಕ ಗ್ರಂಥಿಗಳಲ್ಲಿ ಗೆಡ್ಡೆಗಳು ಬೆಳೆಯುತ್ತವೆ. ಮೇದೋಜೀರಕದಲ್ಲಂತೂ ಸಾಮಾನ್ಯವಾಗಿ ಒಂದಲ್ಲ, ಹಲವು. ಇವತ್ತು ಕಂಡದ್ದನ್ನು ತೆಗೆದರೂ ಉಳಿದ ಭಾಗದಲ್ಲಿ ನಾಳೆ ಹೊಸದು ಹುಟ್ಟಬಹುದು. ಹಾಗೆಂದು ಗ್ರಂಥಿಯನ್ನೇ ಪೂರ್ತಿ ತೆಗೆದರೆ ರೋಗಿ ಬದುಕಿರುವಷ್ಟು ಕಾಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಊಟದ ಜೊತೆ ಜೀರ್ಣಕಿಣ್ವದ ಮಾತ್ರೆ ನುಂಗಬೇಕು. ಆದ್ದರಿಂದ ಹಾರ್ಮೋನು ಸುರಿಸದ, 2 ಸೆಂ.ಮೀ.ಗಿಂತ ಚಿಕ್ಕದಾದ ಗೆಡ್ಡೆಗಳನ್ನು ಸಾಮಾನ್ಯವಾಗಿ ಮುಟ್ಟದೆ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾರೆ.

ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುವ ಇನ್ಸುಲಿನೋಮಾ ಎಂಬ ಗೆಡ್ಡೆ ಹಾಗಲ್ಲ, ಅದನ್ನು ತೆಗೆಯಲೇಬೇಕಾಗುತ್ತದೆ. ಶಸ್ತ್ರವೈದ್ಯರು ತೆರೆದ ಹೊಟ್ಟೆಯಲ್ಲಿ ಗ್ರಂಥಿಯ ಮೇಲೆಯೇ ಅಲ್ಟ್ರಾಸೌಂಡ್ ಸಲಕರಣೆಯನ್ನಿಟ್ಟು, ಗೆಡ್ಡೆಗೂ ಜೀರ್ಣರಸ ಹರಿಯುವ ಮುಖ್ಯ ನಾಳಕ್ಕೂ ಎಷ್ಟು ಅಂತರವಿದೆ ಎಂದು ನೋಡುತ್ತಾರೆ. ಅಂತರ ಸಾಕಷ್ಟಿದ್ದರೆ ಗೆಡ್ಡೆಯ ಅಂಚು ಹಿಡಿದು, ಸುತ್ತಲಿನ ಅಂಗಾಂಶದಿಂದ ಸ್ವಲ್ಪ ಸ್ವಲ್ಪವಾಗಿ ಬೇರ್ಪಡಿಸಿ ಇಡಿಯಾಗಿ ಹೊರತೆಗೆಯುತ್ತಾರೆ. ನಾಳಕ್ಕೆ ಪೆಟ್ಟಾದರೆ ಜೀರ್ಣರಸ ಸೋರುವ ಅಪಾಯವಿದೆ. ಹೀಗೆ ಗೆಡ್ಡೆಯನ್ನಷ್ಟೇ ಬೇರ್ಪಡಿಸಿ ತೆಗೆಯುವುದೇ ಎನ್ಯೂಕ್ಲಿಯೇಶನ್. ಹಲವು ಗೆಡ್ಡೆಗಳಿದ್ದಾಗ ಗ್ರಂಥಿಯ ಬಾಲದ ಭಾಗವನ್ನು ಕತ್ತರಿಸಿ, ತಲೆಯ ಭಾಗದಲ್ಲಿರುವುದನ್ನು ಮಾತ್ರ ಹೀಗೆ ತೆಗೆಯುವುದೂ ಉಂಟು.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಛೇದನ’ ಎಂದರೆ ಗ್ರಂಥಿಯನ್ನೇ ಕತ್ತರಿಸಿದಂತಾಗುತ್ತದೆ, ಬಾಲದ ಭಾಗಕ್ಕೆ ಅದು ಸರಿ. ‘ಕೀಳು’ ಎಂದರೆ ಬೇರುಸಹಿತ ಎಳೆದಂತೆ. ಇಲ್ಲಿ ಎಳೆತವೂ ಇಲ್ಲ, ಬೇರೂ ಇಲ್ಲ. ‘ತಿರುಳು ತೆಗೆಯುವುದು’ ಎಂದು ಅಕ್ಷರಕ್ಕಕ್ಷರ ಇಟ್ಟರೆ ಗ್ರಂಥಿಯ ತಿರುಳೇ ಹೋಯಿತೆಂದು ಓದುಗರು ಗಾಬರಿಯಾದಾರು. ನೇತ್ರವೈದ್ಯರು ಇದೇ ಇಂಗ್ಲಿಷ್ ಪದವನ್ನು ಇಡೀ ಕಣ್ಣುಗುಡ್ಡೆಯನ್ನು ತೆಗೆಯುವುದಕ್ಕೆ ಬಳಸುತ್ತಾರೆ, ಹಾಗಾಗಿ ನಿಘಂಟಿನ ಅರ್ಥವನ್ನು ಎತ್ತಿಕೊಳ್ಳುವಂತೆಯೂ ಇಲ್ಲ.

ನನ್ನ ಮನಸ್ಸು ‘ಬಿಡಿಸು’ ಕಡೆಗೆ ವಾಲಿದೆ. ಸಿಪ್ಪೆಯಿಂದ ಕಾಳು ಬಿಡಿಸುವಾಗ ಕೈ ಮಾಡುವ ಕೆಲಸ ಇದಕ್ಕೆ ತೀರ ಹತ್ತಿರ. ಆದರೆ ಚಟ ಬಿಡಿಸು, ದೆವ್ವ ಬಿಡಿಸು ಎನ್ನುವಾಗ ಅದು ಪೀಡೆಯಿಂದ ಪಾರುಮಾಡುವ ಮಾತೂ ಹೌದು. ‘ಗೆಡ್ಡೆ ಬಿಡಿಸಿದರು’ ಎಂದು ಓದಿದ ರೋಗಿ ಕಾಯಿಲೆಯೇ ತೊಲಗಿತೆಂದು ನಂಬಿ ಮುಂದಿನ ತಪಾಸಣೆಗೆ ಬಾರದಿದ್ದರೆ? ಮೆನ್-1ರಲ್ಲಿ ಆ ತಪಾಸಣೆ ಬದುಕಿಡೀ ನಡೆಯಬೇಕು.

‘ಗೆಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವುದು’ ಎಂದು ವಿಸ್ತರಿಸಿದರೆ ಈ ಗೊಂದಲ ಕಳೆಯುತ್ತದೆಂದು ನನಗನ್ನಿಸುತ್ತದೆ. ಆದರೆ ಒಪ್ಪಿಗೆ ಪತ್ರದ ಶೀರ್ಷಿಕೆಗೆ ಚಿಕ್ಕದೊಂದು ನಾಮಪದ ಬೇಕು. ‘ಬಿಡಿಸುವಿಕೆ’ ಒಂಟಿಯಾಗಿ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕನ್ನಡದಲ್ಲಿ ಮಾತನಾಡುವ ವೈದ್ಯರು, ದಾದಿಯರು ಈ ಬಳಗದಲ್ಲಿದ್ದರೆ, ರೋಗಿಯ ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ ಎಂದು ದಯವಿಟ್ಟು ತಿಳಿಸಿ.