ನೆಲಮಾಳಿಗೆಯಲ್ಲಿ ಸಿಕ್ಕ ಡೆಟ್ರಾಯಿಟ್ ಸೋಲ್ ಸಂಗೀತದ ಗ್ರಾಮಫೋನ್ ತಟ್ಟೆಗಳು: ತೊಳೆಯುವ ಮುನ್ನ ಏನನ್ನು ನೋಡಬೇಕು?

ಬೇಸ್‌ಮೆಂಟ್‌ವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ವಾಸವಾಗಿದ್ದೇನೆ. ಕಳೆದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಬಳಿಕ ಅವರ ಮಗಳು ಮನೆಯ ಸಾಮಾನುಗಳನ್ನೆಲ್ಲ ಮಾರುತ್ತಿದ್ದಾಗ, ಬೇಸ್‌ಮೆಂಟಿನ ಮೂಲೆಯಲ್ಲಿದ್ದ ಎರಡು ಮರದ ಪೆಟ್ಟಿಗೆಗಳನ್ನು ಕೊಂಡು ತಂದೆ. ಅವುಗಳಲ್ಲಿ ಸುಮಾರು 140 ಏಳಿಂಚಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ತಟ್ಟೆಗಳು, ಇಪ್ಪತ್ತರಷ್ಟು ಎಲ್‌ಪಿಗಳು (ಹೆಚ್ಚು ಹಾಡುಗಳಿರುವ ದೊಡ್ಡ ತಟ್ಟೆಗಳು) ಮತ್ತು ತಳದಲ್ಲಿ ನಿಮಿಷಕ್ಕೆ 78 ಸುತ್ತಿನ ಆರು ಭಾರವಾದ ತಟ್ಟೆಗಳಿವೆ. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತವನ್ನು ಹೊರತಂದ ಟ್ಯಾಮ್ಲಾ, ಗಾರ್ಡಿ, ರಿಕ್-ಟಿಕ್, ಸ್ಟ್ಯಾಕ್ಸ್ ಮುಂತಾದ ಸಂಸ್ಥೆಗಳ ಲೇಬಲ್‌ಗಳು ಕಾಣುತ್ತವೆ. ಕೆಲವು ಬಿಳಿಯ ಲೇಬಲ್‌ಗಳ ಮೇಲೆ ಮಾರಾಟಕ್ಕಲ್ಲ ಎಂಬ ಮುದ್ರೆಯಿದೆ. ಹಲವಾರು ತಟ್ಟೆಗಳ ಮೇಲೆ ಆ ಹಿರಿಯರು ನೀಲಿ ಶಾಯಿಯಲ್ಲಿ ತಮ್ಮ ಹೆಸರನ್ನೂ ಒಂದು ಸಂಖ್ಯೆಯನ್ನೂ ಬರೆದಿದ್ದಾರೆ.

ತೊಂದರೆಯೇನೆಂದರೆ, ಪೆಟ್ಟಿಗೆ ತೆರೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ರಾಚುತ್ತದೆ ಮತ್ತು ಕೆಲವು ತಟ್ಟೆಗಳ ಮೇಲೆ ಬಿಳಿಯ ಬೂಷ್ಟು ಹಿಡಿದಿದೆ. ನೋಡಲು ಚೆನ್ನಾಗಿಯೇ ಇರುವ ಒಂದೆರಡು ತಟ್ಟೆಗಳನ್ನು ಹಾಕಿ ನೋಡಿದಾಗ ಮೊದಲ ಕೆಲವು ಕ್ಷಣ ಹಂಚಿನ ಮೇಲೆ ಒಗ್ಗರಣೆ ಸಿಡಿದಂತೆ ಸದ್ದು ಬಂದು, ಆಮೇಲೆ ಹಾಡು ಸ್ವಚ್ಛವಾಗಿ ಕೇಳಿತು. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಯಲ್ಲಿ ಅದ್ದಿ ಎಲ್ಲವನ್ನೂ ಒರೆಸಿಬಿಡಬಹುದೇ? ಹೆಸರುಗಳನ್ನು ಅಳಿಸಬೇಕೇ? ಮಾರುವ ಉದ್ದೇಶ ನನಗಿಲ್ಲ. (ಸೋಲ್ ಸಂಗೀತಕ್ಕೆ ಇಷ್ಟು ಡಾಲರ್ ಸುರಿದದ್ದು ನಿಮ್ಮ ಸೋಲೇ ಎಂದು ಮನೆಯಾಕೆ ಆಗಲೇ ತೀರ್ಪು ಕೊಟ್ಟಾಗಿದೆ.)

ಏಳಿಂಚು:

ದಯವಿಟ್ಟು ಆ ಹತ್ತಿಯನ್ನು ಕೆಳಗಿಡಿ. ನಿಮ್ಮ ಪೆಟ್ಟಿಗೆಯಲ್ಲಿರುವುದು ಒಂದೇ ವಸ್ತುವಿನ ತಟ್ಟೆಗಳಲ್ಲ, ಮೂರು ಬಗೆಯವು, ಮತ್ತು ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷ. ಎಲ್‌ಪಿಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. 78ಗಳು ಬಹುತೇಕ ಅರಗಿನವು. ಆದರೆ 45ಗಳಲ್ಲಿ ಕೆಲವು ವಿನೈಲ್, ಕೆಲವು ಪಾಲಿಸ್ಟೈರೀನ್ (ಚಿಕ್ಕದಾಗಿ ಸ್ಟೈರೀನ್) ಎಂಬ ಇನ್ನೊಂದು ಪ್ಲಾಸ್ಟಿಕ್ ಆಗಿರುತ್ತವೆ, ಮತ್ತು ಅಮೆರಿಕದ ಸೋಲ್ ತಟ್ಟೆಗಳನ್ನು ಸಂಗ್ರಹಿಸುವವರು ಮೊದಲು ಕಲಿಯಬೇಕಾದದ್ದು ಈ ಎರಡನ್ನು ಬೇರ್ಪಡಿಸುವುದನ್ನೇ.

ವಿನೈಲ್ ತಟ್ಟೆಯನ್ನು ಬಿಸಿ ಅಚ್ಚಿನ ನಡುವೆ ಒತ್ತಿ ಮಾಡುತ್ತಾರೆ, ಲೇಬಲ್ಲಿನ ಕಾಗದವೂ ಅದೇ ಒತ್ತಡದಲ್ಲಿ ತಟ್ಟೆಯೊಳಕ್ಕೆ ಬೆಸೆದುಕೊಳ್ಳುತ್ತದೆ. ಸ್ಟೈರೀನನ್ನು ಕರಗಿಸಿ ಅಚ್ಚಿನೊಳಕ್ಕೆ ಚುಚ್ಚಿ ತುಂಬುವುದರಿಂದ ಕೆಲಸ ಬೇಗ ಮುಗಿಯುತ್ತದೆ, ಅಚ್ಚು ಹೆಚ್ಚು ಕಾಲ ಬಾಳುತ್ತದೆ, ಆದರೆ ಲೇಬಲ್ಲನ್ನು ಆಮೇಲೆ ಅಂಟಿಸಬೇಕಾಗುತ್ತದೆ. ಆದ್ದರಿಂದ ಲೇಬಲ್ಲಿನ ಅಂಚು ಎದ್ದಿದ್ದರೆ ಅಥವಾ ಕಾಗದ ಗುಳ್ಳೆ ಬಂದಂತೆ ಉಬ್ಬಿದ್ದರೆ ಅದು ಸ್ಟೈರೀನ್ ಎಂದು ಬಹುಮಟ್ಟಿಗೆ ಹೇಳಬಹುದು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ವಿನೈಲ್ ಮಂದವಾಗಿ ಸದ್ದು ಮಾಡುತ್ತದೆ, ಸ್ಟೈರೀನ್ ಚೂಪಾಗಿ ಟಕ್ಕೆನ್ನುತ್ತದೆ. ಬಗ್ಗಿಸಿ ಪರೀಕ್ಷಿಸಲು ಮಾತ್ರ ಹೋಗಬೇಡಿ, ಸ್ಟೈರೀನ್ ಬಾಗುವುದಿಲ್ಲ, ಮುರಿಯುತ್ತದೆ.

ಲೇಬಲ್ ಮತ್ತು ಕೊನೆಯ ಗೆರೆಯ ನಡುವಿನ ಖಾಲಿ ಜಾಗವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಎಆರ್‌ಪಿ ಎಂಬ ಒತ್ತಿದ ಗುರುತಿದ್ದರೆ ಅದು ನಿಮ್ಮ ಮಿಷಿಗನ್ ರಾಜ್ಯದ್ದೇ ಒವಾಸೊ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸಿಂಗ್ ಕಾರ್ಖಾನೆಯಲ್ಲಿ ತಯಾರಾದದ್ದು. ಡೆಟ್ರಾಯಿಟ್ಟಿನ ಸಂಗೀತ ಸಂಸ್ಥೆ ಮೋಟೌನ್ ಬಳಗದ (ಟ್ಯಾಮ್ಲಾ, ಗಾರ್ಡಿ ಅದರವೇ) ಲೆಕ್ಕವಿಲ್ಲದಷ್ಟು ತಟ್ಟೆಗಳು ಅಲ್ಲಿಂದ ಹೊರಬಂದವು, 1972ರಲ್ಲಿ ಆ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ನನ್ನ ಬಳಿಯಿರುವ ಎಆರ್‌ಪಿ ಗುರುತಿನವೆಲ್ಲ ವಿನೈಲ್. ಅದೇ ಹಾಡಿನ ಇನ್ನೊಂದು ತಟ್ಟೆಯ ಮೇಲೆ ವೃತ್ತದೊಳಗೆ ಎಂಆರ್ ಎಂಬ ಅಕ್ಷರಗಳೂ ಒಂದು ಪುಟ್ಟ ತ್ರಿಕೋನದ ಮುಂದೆ ಗೀಚಿದ ಸಂಖ್ಯೆಯೂ ಇದ್ದರೆ ಅದು ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯದು, ಸಾಮಾನ್ಯವಾಗಿ ಸ್ಟೈರೀನ್.

ಇನ್ನು ಆರಂಭದ ಸಿಡಿತದ ವಿಷಯ. ಅದು ಕೊಳೆಯಲ್ಲ, ಗಾಯ. ರೇಡಿಯೊ ನಿರೂಪಕರು ತಮ್ಮ ಮಾತು ಮುಗಿದ ಕ್ಷಣದಲ್ಲೇ ಹಾಡು ಶುರುವಾಗಲೆಂದು ಮುಳ್ಳನ್ನು ಮೊದಲ ಸ್ವರದ ಮೇಲಿಟ್ಟು ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಸಿದ್ಧಮಾಡಿಕೊಳ್ಳುತ್ತಿದ್ದರು. ವಿನೈಲ್ ಇದನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ, ಸ್ಟೈರೀನ್ ತಾಳುವುದಿಲ್ಲ, ಹೀಗಾಗಿ ಮೊದಲ ಒಂದೆರಡು ಸುತ್ತಿನ ಗೆರೆಗಳ ಗೋಡೆಯೇ ಸವೆದುಹೋಗಿರುತ್ತದೆ. ಬಿಳಿಯ ಲೇಬಲ್ಲಿನ ಪ್ರಚಾರದ ಪ್ರತಿಗಳು ರೇಡಿಯೊ ಕೇಂದ್ರಗಳಿಗೆ ಹೋಗುತ್ತಿದ್ದುದರಿಂದ ಅವುಗಳಲ್ಲಿ ಈ ಗಾಯ ಹೆಚ್ಚು. ಎಷ್ಟು ತೊಳೆದರೂ ಅದು ಹೋಗದು.

ತೊಳೆಯುವ ಕ್ರಮ ನಾನು ಅನುಸರಿಸುವುದು ಹೀಗಿದೆ. ಬೂಷ್ಟಿರುವವನ್ನು ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಮೊದಲು ಒಣಗಿದಂತೆಯೇ ಬಿಡಿಸಿಕೊಳ್ಳುತ್ತೇನೆ, ಅವುಗಳ ಹಳೆಯ ಕಾಗದದ ಕವಚಗಳನ್ನು ಬೇರೆಯೇ ಇಡುತ್ತೇನೆ. ಆಮೇಲೆ ಡಿಸ್ಟಿಲ್ಡ್ ನೀರಿಗೆ, ಫೋಟೊ ಫಿಲ್ಮ್ ತೊಳೆಯುವವರು ಬಳಸುತ್ತಿದ್ದ ಫೋಟೊ-ಫ್ಲೋದಂತಹ ದ್ರವದ ಕೆಲವೇ ಹನಿಗಳನ್ನು ಬೆರೆಸಿ, ಗೆರೆಗಳ ದಿಕ್ಕಿನಲ್ಲೇ ಬ್ರಷ್ ಆಡಿಸಿ, ಇನ್ನೊಮ್ಮೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸಿ, ಮೈಕ್ರೊಫೈಬರ್ ಬಟ್ಟೆಯಲ್ಲಿ ತೇವ ತೆಗೆದು ನಿಲ್ಲಿಸಿ ಒಣಗಿಸುತ್ತೇನೆ. ನಲ್ಲಿ ನೀರಿನ ಲವಣಗಳು ಒಣಗಿದ ಮೇಲೆ ಗೆರೆಯಲ್ಲೇ ಉಳಿದು ಸದ್ದು ಮಾಡುವುದರಿಂದ ಅದನ್ನು ಕೊನೆಯ ಜಾಲಾಟಕ್ಕೆ ಬಳಸಬೇಡಿ. ಸ್ಟೈರೀನ್ ತಟ್ಟೆಯ ಲೇಬಲ್ಲಿಗೆ ಮಾತ್ರ ಒಂದು ಹನಿಯೂ ತಾಗಬಾರದು, ಅಂಟು ಬಿಟ್ಟುಕೊಳ್ಳುತ್ತದೆ.

ಅರಗಿನ ಮನೆ:

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಸೋಲ್ ಸಂಗೀತದ ಪರಿಚಯ ನನಗೆ ಅಷ್ಟಾಗಿ ಇಲ್ಲದಿದ್ದರೂ ಆ ಆರು 78ಗಳ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ನನ್ನ ತಾತನವರು ಬಿಟ್ಟುಹೋದ ಸಂಗೀತದ ತಟ್ಟೆಗಳಲ್ಲಿ ಒಂದನ್ನು ನಾನು ಕಾಲೇಜಿನ ದಿನಗಳಲ್ಲಿ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಕಪ್ಪಾಯಿತು, ಕೊಳೆ ಹೋಗುತ್ತಿದೆಯೆಂದು ಸಂತೋಷಪಟ್ಟು ಇನ್ನಷ್ಟು ಉಜ್ಜಿದೆ. ಹೋಗುತ್ತಿದ್ದುದು ಕೊಳೆಯಲ್ಲ, ತಟ್ಟೆಯೇ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ; ಮರಗೆಲಸದವರು ಪಾಲಿಶ್ ಮಾಡುವುದು ಅದನ್ನು ಹಾಗೆ ಕರಗಿಸಿಯೇ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಈಗ ಆ ತಟ್ಟೆಯಲ್ಲಿ ಆಲಾಪದ ಜಾಗದಲ್ಲಿ ಬರಿಯ ಗರಗರ ಸದ್ದಿದೆ.

ಆ ಅರಗು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಿಂದಲೇ ಹಡಗೇರಿ ಹೋಗುತ್ತಿತ್ತು. 1942ರಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕದ ಸರ್ಕಾರ ತಟ್ಟೆ ತಯಾರಿಸುವವರಿಗೆ ಅರಗಿನ ಬಳಕೆಯನ್ನು ತೀವ್ರವಾಗಿ ಮೊಟಕುಗೊಳಿಸಿದ್ದರಿಂದ ಅವರು ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸವನ್ನು ಒತ್ತಬೇಕಾಯಿತು. ಇನ್ನೊಂದು ವಿಷಯ, 78ರ ಗೆರೆ ಅಗಲವಾದದ್ದು. ಎಲ್‌ಪಿಯ ಮುಳ್ಳನ್ನು ಅದರಲ್ಲಿ ಇಳಿಸಿದರೆ ತಳದ ಕಸದಲ್ಲಿ ತೆವಳುತ್ತದೆ, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಅಳತೆಯ ಬೇರೆ ಮುಳ್ಳನ್ನೇ ಹಾಕಬೇಕು.

ಭಾನುವಾರದ ಶ್ರೋತೃ:

ಬಡಗಿಯ ಬಿಳಿ ಅಂಟನ್ನು ತಟ್ಟೆಯ ಮೇಲೆ ಸುರಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದರೆ ಕೊಳೆಯೆಲ್ಲ ಬರುತ್ತದೆಯೆಂದು ವಿಡಿಯೊದಲ್ಲಿ ನೋಡಿದ್ದೇನೆ. ಅದು ಸುಲಭವಲ್ಲವೇ?

ಏಳಿಂಚು:

ವಿನೈಲಿನ ಮೇಲೆ ಕೆಲವರಿಗೆ ಅದು ಫಲಿಸಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಟು ಹರಿದು ಗೆರೆಯಲ್ಲಿ ಚೂರು ಉಳಿದರೆ ತೆಗೆಯುವುದು ಕಷ್ಟ, ಸ್ಟೈರೀನ್ ತಟ್ಟೆಯಾದರೆ ಸುಲಿಯುವ ಎಳೆತಕ್ಕೇ ಸೀಳಬಹುದು. ಅಂಟಿನ ಬಾಟಲಿಯನ್ನು ಬಡಗಿಗೇ ಬಿಡೋಣ.

ಮ್ಯಾಂಚೆಸ್ಟರ್ ಡಾಕ್ಟರು:

ಹೆಸರುಗಳನ್ನು ಅಳಿಸಬೇಡಿ. ಲೇಬಲ್ ಮೇಲೆ ಬರಹವಿದ್ದರೆ ಬೆಲೆ ಇಳಿಯುತ್ತದೆ ಎಂಬುದು ವ್ಯಾಪಾರಿಯ ಮಾತು, ನಿಮಗೆ ಮಾರುವ ಉದ್ದೇಶವೇ ಇಲ್ಲ. ಅಳಿಸಲು ಹೋದರೆ ಕಾಗದದ ಮೇಲ್ಪದರವೇ ಕಿತ್ತುಬರುತ್ತದೆ, ಬರಹಕ್ಕಿಂತ ಆ ಕಲೆ ಹೆಚ್ಚು ಕೆಟ್ಟದಾಗಿ ಕಾಣುತ್ತದೆ.

ನಾನಿರುವ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಈ ಡೆಟ್ರಾಯಿಟ್ ತಟ್ಟೆಗಳಿಗೆ ಒಂದು ಎರಡನೆಯ ಜನ್ಮವೇ ದೊರಕಿತು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಗೋದಾಮಿನಲ್ಲಿ ಕೊಳೆಯುತ್ತಿದ್ದ, 1960ರ ದಶಕದ ವೇಗದ ಲಯದ ಹಾಡುಗಳಿಗೆ ಇಲ್ಲಿಯ ಕಾರ್ಮಿಕರ ಮಕ್ಕಳು ರಾತ್ರಿಯಿಡೀ ಕುಣಿದರು. ಲಂಡನ್ನಿನ ಅಂಗಡಿಕಾರ, ಪತ್ರಕರ್ತ ಡೇವ್ ಗಾಡಿನ್ ಇದಕ್ಕೆ ನಾರ್ದರ್ನ್ ಸೋಲ್ ಎಂಬ ಹೆಸರಿಟ್ಟರು. 1973ರಿಂದ 1981ರವರೆಗೆ ನಡೆದ ವಿಗನ್ ಊರಿನ ಕ್ಯಾಸಿನೊ ಎಂಬ ಕುಣಿತದ ಸಭಾಂಗಣದ ಕುಣಿತಗಳು ಅದರ ಉತ್ತುಂಗ. ಯಾರೂ ಕೇಳಿರದ ಹಾಡೇ ಡಿಜೆಯ ಆಸ್ತಿಯಾಗಿದ್ದುದರಿಂದ ಅವರು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆದು ಗುಟ್ಟು ಕಾಯುತ್ತಿದ್ದರು. ಮೋಟೌನಿನದೇ ಸೋಲ್ ಎಂಬ ಲೇಬಲ್ಲಿಗಾಗಿ 1965ರಲ್ಲಿ ಫ್ರ್ಯಾಂಕ್ ವಿಲ್ಸನ್ ಹಾಡಿದ ತಟ್ಟೆಯೊಂದು ಬಿಡುಗಡೆಯಾಗದೆ ನಾಶವಾಗಿ ಕೈಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದವು, 2009ರಲ್ಲಿ ಅದರ ಒಂದು ಪ್ರತಿ 25 ಸಾವಿರ ಪೌಂಡ್‌ಗಿಂತ ಹೆಚ್ಚಿಗೆ ಮಾರಾಟವಾಯಿತು.

ಹಣ ಇದ್ದಲ್ಲಿ ನಕಲಿಯೂ ಇರುತ್ತದೆ. 1970ರ ದಶಕದಲ್ಲೇ ಕಳ್ಳ ಮುದ್ರಣಗಳು ಬಂದವು. ಮೂಲ ಲೇಬಲ್ಲಿನ ಫೋಟೊ ತೆಗೆದು ಅಚ್ಚು ಹಾಕಿದ್ದರಿಂದ ಸಣ್ಣ ಅಕ್ಷರಗಳು ತುಂಬಿಕೊಂಡಿರುತ್ತವೆ, ಖಾಲಿ ಜಾಗದಲ್ಲಿ ಕಾರ್ಖಾನೆಯ ಒತ್ತಿದ ಗುರುತು ಇರಬೇಕಾದ ಕಡೆ ಕೈಯಲ್ಲಿ ಗೀಚಿದ ಸಂಖ್ಯೆಯಷ್ಟೇ ಇರುತ್ತದೆ. ಹಾಗೆಂದು ವಿನೈಲ್ ಆದ ಮಾತ್ರಕ್ಕೆ ನಕಲಿ, ಸ್ಟೈರೀನ್ ಆದ ಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸಬೇಡಿ. ಮೇಲೆ ಹೇಳಿದಂತೆ ಒಂದೇ ಹಾಡು ಎರಡು ಊರುಗಳಲ್ಲಿ ಎರಡು ವಸ್ತುಗಳಲ್ಲಿ ತಯಾರಾದದ್ದುಂಟು. ನಿಮ್ಮ ಪೆಟ್ಟಿಗೆಯಲ್ಲಿ ರಿಕ್-ಟಿಕ್ ತಟ್ಟೆಗಳಿವೆ ಎಂದಿರಿ. ಅದು ಎಡ್ ವಿಂಗೇಟ್ ಎಂಬುವರು ಮೋಟೌನಿಗೆ ಎದುರಾಗಿ ಅದೇ ಊರಿನಲ್ಲಿ ನಡೆಸಿದ ಸಂಸ್ಥೆ, ಕೊನೆಗೆ ಮೋಟೌನ್ ಅದನ್ನು ನುಂಗಿತು. ಅವುಗಳನ್ನು ಮೊದಲು ಜೋಪಾನ ಮಾಡಿ.

ಶೇಖರಣೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. ಮತ್ತೆ ಬೇಸ್‌ಮೆಂಟಿಗೆ ಇಳಿಸಬೇಡಿ, ಮಾಳಿಗೆಗೂ ಏರಿಸಬೇಡಿ. ನೀವು ಓಡಾಡುವ ಕೋಣೆಯೇ ತಟ್ಟೆಗಳಿಗೂ ಸರಿ, ತೇವಾಂಶ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿರಲಿ. ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ಕವಚ ಪಾಲಿಥೀನಿನದಾಗಿರಲಿ, ಪಿವಿಸಿಯ ಮೆತ್ತನೆಯ ಹೊದಿಕೆಗಳು ವರ್ಷಗಳ ಮೇಲೆ ತಟ್ಟೆಗೆ ಮಂಜು ಹಿಡಿಸುತ್ತವೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ವಿನೈಲ್ ಒಂದೇ ಮಧ್ಯಾಹ್ನಕ್ಕೆ ಹಪ್ಪಳವಾಗುತ್ತದೆ.

ಬೇಸ್‌ಮೆಂಟ್‌ವಾಸಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲ 45ಗಳನ್ನೂ ಬೇರ್ಪಡಿಸಿದ ಮೇಲೆ 38 ಸ್ಟೈರೀನ್ ಎಂದು ಕಂಡುಬಂದವು, ಅವುಗಳಲ್ಲಿ ಎರಡು ಆಗಲೇ ಅಂಚಿನಿಂದ ಸೀಳಿದ್ದವು. ಸಿಡಿತದ ಸದ್ದಿನ ತಟ್ಟೆಗಳೆಲ್ಲವೂ ಬಿಳಿಯ ಲೇಬಲ್ಲಿನವೇ ಆಗಿದ್ದವು. ಬೂಷ್ಟು ಸಂಪೂರ್ಣವಾಗಿ ಹೋಗಿದೆ, ವಾಸನೆ ಕವಚಗಳಲ್ಲಷ್ಟೇ ಉಳಿದಿದೆ. 78ಗಳನ್ನು ಒಣಬಟ್ಟೆಯಲ್ಲಿ ಒರೆಸಿ ಹಾಗೆಯೇ ಇಟ್ಟಿದ್ದೇನೆ.

ತೊಳೆದ ಟ್ಯಾಮ್ಲಾ ತಟ್ಟೆಯೊಂದನ್ನು ಮೊದಲ ಸಲ ಹಾಕಿದಾಗ, ಅದೇ ಹಾಡನ್ನು ಫೋನಿನಲ್ಲಿ ಕೇಳಿದ್ದಕ್ಕಿಂತ ತಂಬೂರಿಯೂ ಡ್ರಮ್ಮೂ ಮುಂದೆ ಬಂದು ನಿಂತಂತಿತ್ತು. ಇದು ನನ್ನ ಭ್ರಮೆಯೇ? ಎರಡನೆಯದಾಗಿ, ಹಿರಿಯರ ಮಗಳು ನಾಲ್ಕು ಹಾಡುಗಳ ಪ್ರತಿ ಮಾಡಿಕೊಡಲು ಕೇಳಿದ್ದಾರೆ. ಲೇಬಲ್ಲಿನ ಸಂಖ್ಯೆಗಳು ಅವರ ತಂದೆ ಮನೆಯ ಕೂಟಗಳಲ್ಲಿ ತಟ್ಟೆಗಳನ್ನು ಹಾಕುತ್ತಿದ್ದ ಸರದಿಯಂತೆ. ಅವರು ಕೇಳಿದ ನಾಲ್ಕರಲ್ಲಿ ಎರಡು ಗಾಯಗೊಂಡವೇ ಆಗಿವೆ.

ಏಳಿಂಚು:

ಭ್ರಮೆಯಲ್ಲ. ಟ್ಯಾಂಬರಿನ್ ಎಂಬ ಕಂಜಿರದಂತಹ ವಾದ್ಯವನ್ನು ನೀವು ತಂಬೂರಿಯೆಂದು ಬರೆದದ್ದನ್ನು ಮಾತ್ರ ನಮ್ಮ ಹುಬ್ಬಳ್ಳಿಯವರು ಕ್ಷಮಿಸಲಿ. ಮೋಟೌನಿನವರು 45ರ ಮೊನೊ (ಎಡ-ಬಲ ಭೇದವಿಲ್ಲದ) ಮಿಶ್ರಣವನ್ನು ಕಾರಿನ ರೇಡಿಯೊವನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿದ್ಧಪಡಿಸುತ್ತಿದ್ದರು, ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. ಫೋನಿನಲ್ಲಿ ನಿಮಗೆ ಸಿಕ್ಕಿರುವುದು ಬಹುಶಃ ಎಲ್‌ಪಿಯ ಸ್ಟೀರಿಯೊ ಮಿಶ್ರಣ.

ಪ್ರತಿ ಮಾಡಲು ಶಂಕುವಿನಾಕಾರದ ಮುಳ್ಳನ್ನು ಬಳಸಿ, ಮುಳ್ಳಿನ ತಯಾರಕರು ಹೇಳಿದ ತೂಕವನ್ನೇ ಇಡಿ. ಹಗುರ ಮಾಡಿದರೆ ಮುಳ್ಳು ಗೆರೆಯೊಳಗೆ ಕುಣಿದು ಇನ್ನಷ್ಟು ಕೆತ್ತುತ್ತದೆ. ಗಾಯಗೊಂಡ ಎರಡನ್ನೂ ಸ್ಟೀರಿಯೊದಲ್ಲೇ ಧ್ವನಿಮುದ್ರಿಸಿಕೊಂಡು ಎಡ, ಬಲ ಎರಡನ್ನೂ ಬೇರೆಬೇರೆಯಾಗಿ ಕೇಳಿ. ಎಡ, ಬಲದ ಧ್ವನಿ ಬರುವುದು ಗೆರೆಯ ಎರಡು ಗೋಡೆಗಳಿಂದ, ಅವು ಸಮನಾಗಿ ಸವೆಯುವುದು ಅಪರೂಪ. ಹಾಡು ಮೊನೊ ಆದ್ದರಿಂದ ಎರಡರಲ್ಲೂ ಇರುವುದು ಒಂದೇ ಧ್ವನಿ, ಚೆನ್ನಾಗಿರುವ ಬದಿಯನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಡಿ. ಒಂದೊಂದು ತಟ್ಟೆಗೂ ಒಂದೇ ಸಲ ಮುಳ್ಳು ಇಳಿಸಿ ಕೆಲಸ ಮುಗಿಸಿ. ಪ್ರತಿಗಳನ್ನು ಸಂಖ್ಯೆಯ ಸರದಿಯಲ್ಲೇ ಜೋಡಿಸಿಕೊಡಿ.